ಬತ್ತಿಸಿದ ಜೌಗಿಗೆ ಮತ್ತೆ ನೀರು: ಉತ್ತರ ಯುರೋಪಿನ ಪೀಟ್ ನೆಲಗಳ ಇಂಗಾಲದ ಲೆಕ್ಕ

ಹಾಳಾದ ನಿಸರ್ಗವನ್ನು ಹೇಗೆ ಸರಿಪಡಿಸುತ್ತೇವೆ ಎಂಬುದರ ಕರಡು ಯೋಜನೆಯನ್ನು ಒಪ್ಪಿಸಲು ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರಗಳಿಗೆ 2026ರ ಸೆಪ್ಟೆಂಬರ್ 1ರ ಗಡುವು ಹಾಕಲಾಗಿದೆ. ಈ ಯೋಜನೆಗಳ ಸುತ್ತ ಬರುತ್ತಿರುವ ಸುದ್ದಿಗಳಲ್ಲಿ ಓದುಗರನ್ನು ಹೆಚ್ಚು ಗೊಂದಲಕ್ಕೆ ಕೆಡವಿರುವುದು ಜೌಗು ನೆಲಗಳ ವಿಷಯ. ಕೆಲವೇ ದಶಕಗಳ ಹಿಂದೆ ಸಹಾಯಧನ ಕೊಟ್ಟು ಬಸಿಗಾಲುವೆ ತೋಡಿಸಿದ ಸರ್ಕಾರಗಳೇ ಇಂದು ಹಣ ಕೊಟ್ಟು ಅವುಗಳನ್ನು ಮುಚ್ಚಿಸುತ್ತಿವೆ. ಇದರಿಂದ ಹವಾಮಾನಕ್ಕೆ ಲಾಭವೆಂದು ಒಂದು ವರದಿ ಹೇಳಿದರೆ, ನೀರು ನಿಂತ ಕಡೆ ಮೀಥೇನ್ ಹೊರಬರುತ್ತದೆ ಎಂದು ಇನ್ನೊಂದು ಎಚ್ಚರಿಸುತ್ತದೆ. ಪೋಲೆಂಡ್ ಮತ್ತು ಫಿನ್ಲೆಂಡ್ ದೇಶಗಳು ಗಡಿಯ ಜೌಗುಗಳನ್ನು ಶತ್ರುವಿನ ಟ್ಯಾಂಕ್ ತಡೆಯುವ ಉಪಾಯವಾಗಿಯೂ ನೋಡುತ್ತಿವೆ ಎಂದು ಮತ್ತೊಂದು ತಿಳಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಒಳ್ಳೆಯ ಹೊಲಗಳು ಬಲಿಯಾದುದನ್ನು ಕಂಡ ನಾಡಿನವರಿಗೆ, ಬೇಕೆಂದೇ ಹೊಲದಲ್ಲಿ ನೀರು ನಿಲ್ಲಿಸುವ ನೀತಿ ಅರ್ಥವಾಗದಿರುವುದು ಸಹಜ.

ಅಲ್ಲಿನ ನೆಲ ಬೇರೆ ಬಗೆಯದು ಎಂಬುದು ಮೊದಲ ಉತ್ತರ. ಎರಡನೆಯದು ಅದಕ್ಕಿಂತ ಮುಖ್ಯವಾದದ್ದು: ಗಾಳಿಯಲ್ಲಿರುವ ಇಂಗಾಲವನ್ನು ಹೊಸದಾಗಿ ಹೀರಿಕೊಳ್ಳುವುದು ಈ ಕೆಲಸದ ಪ್ರಧಾನ ಗುರಿಯಲ್ಲ. ಸಾವಿರಾರು ವರ್ಷಗಳಿಂದ ನೆಲದಲ್ಲಿ ಕೂಡಿಟ್ಟ ಇಂಗಾಲ ಈಗ ದಿನವೂ ಗಾಳಿಗೆ ಸೇರುತ್ತಿದೆ. ಅದನ್ನು ನಿಲ್ಲಿಸುವುದೇ ಗುರಿ. ಈ ವ್ಯತ್ಯಾಸವನ್ನು ಗಮನಿಸದೆ ನಡೆಯುವ ಚರ್ಚೆ, ಅದು ಪರವಾಗಿರಲಿ ವಿರೋಧವಾಗಿರಲಿ, ದಾರಿ ತಪ್ಪುತ್ತದೆ.

ನೀರಿನಡಿಯಲ್ಲಿ ಉಳಿದ ಇಂಗಾಲ

ಹಿಮಯುಗ ಮುಗಿದು ಹಿಮದ ಹಾಸು ಹಿಂದೆ ಸರಿದ ಮೇಲೆ, ಉತ್ತರದ ತಂಪು ನಾಡುಗಳಲ್ಲಿ ನೀರು ಹರಿದುಹೋಗದ ತಗ್ಗುಗಳಲ್ಲೆಲ್ಲ ಹಾವಸೆ, ಜೊಂಡು, ಹುಲ್ಲು ಬೆಳೆದವು. ಸತ್ತ ಸಸ್ಯಭಾಗಗಳು ನೀರಿನಡಿ ಸೇರಿದಾಗ ಅಲ್ಲಿ ಆಮ್ಲಜನಕ ಇರಲಿಲ್ಲ. ಸ್ಫ್ಯಾಗ್ನಮ್ ಎಂಬ ಹಾವಸೆಯಂತೂ ತನ್ನ ಸುತ್ತಲಿನ ನೀರನ್ನು ಆಮ್ಲೀಯವಾಗಿಸುತ್ತದೆ, ಜೊತೆಗೆ ಚಳಿ. ಕೊಳೆಸುವ ಸೂಕ್ಷ್ಮಜೀವಿಗಳು ಇಂಥ ಕಡೆ ಬಹಳ ನಿಧಾನವಾಗಿ ಕೆಲಸ ಮಾಡುತ್ತವೆ. ಕೊಳೆತದ್ದಕ್ಕಿಂತ ಬಿದ್ದದ್ದು ಸ್ವಲ್ಪ ಹೆಚ್ಚಾಗುತ್ತ, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದ ಕಪ್ಪು-ಕಂದು ಬಣ್ಣದ ಮೆತ್ತನೆಯ ಪದರವೇ ಪೀಟ್. ಉಪ್ಪಿನಕಾಯಿ ಭರಣಿಯಲ್ಲಿ ರಸದೊಳಗೆ ಮುಳುಗಿದ ಹೋಳು ವರ್ಷಗಟ್ಟಲೆ ಕೆಡುವುದಿಲ್ಲ, ಮೇಲೆ ತೇಲಿ ಗಾಳಿಗೆ ಸಿಕ್ಕಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಪೀಟ್‌ನ ಕಥೆಯೂ ಅಷ್ಟೆ. 1950ರಲ್ಲಿ ಡೆನ್ಮಾರ್ಕಿನ ಟೊಲುಂಡ್ ಬಳಿಯ ಜೌಗಿನಲ್ಲಿ ಸಿಕ್ಕ ಮನುಷ್ಯನ ದೇಹ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾಗಿದ್ದರೂ, ಅದರ ಮುಖದ ಚರ್ಮವೂ ಗಡ್ಡದ ಕುರುಚಲು ಕೂದಲೂ ಉಳಿದಿದ್ದವು.

ನಮ್ಮ ನೆರೆಯ ನೀಲಗಿರಿಯ ಎತ್ತರದ ಕಣಿವೆಗಳಲ್ಲಿಯೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹವಿಜ್ಞಾನಿಗಳು ಅದರ ಪದರಗಳನ್ನು ಓದಿ, ದಕ್ಷಿಣ ಭಾರತದ ಮಳೆ ಮತ್ತು ಸಸ್ಯವರ್ಗ ಸಾವಿರಾರು ವರ್ಷಗಳಲ್ಲಿ ಹೇಗೆ ಬದಲಾದವೆಂಬ ಚಿತ್ರವನ್ನು 1993ರಲ್ಲಿ ಪ್ರಕಟಿಸಿದ್ದರು. ಆದರೆ ಅವು ಸಣ್ಣ ತುಣುಕುಗಳು. ಉತ್ತರದಲ್ಲಿ ಪೀಟ್ ನೆಲವೆಂದರೆ ಇಡೀ ಸೀಮೆಗಳು. ಫಿನ್ಲೆಂಡಿನ ಭೂಭಾಗದಲ್ಲಿ ಸುಮಾರು ಮೂರನೆಯ ಒಂದು ಪಾಲು ಮೂಲತಃ ಇಂಥದೇ ನೆಲ. ಜಗತ್ತಿನ ಒಟ್ಟು ಭೂಮಿಯಲ್ಲಿ ಪೀಟ್ ಇರುವುದು ಶೇ 3ರಿಂದ 4ರಷ್ಟು ಕಡೆ ಮಾತ್ರ. ಆದರೂ ಅದರೊಳಗಿನ ಇಂಗಾಲ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು.

ನೀರು ಬಸಿದುಹೋದಾಗ

ಕಾಲುವೆ ತೋಡಿದೊಡನೆ ನೀರಿನ ಮಟ್ಟ ಕೆಳಗಿಳಿಯುತ್ತದೆ, ಮೇಲಿನ ಪದರಕ್ಕೆ ಗಾಳಿ ಸೇರುತ್ತದೆ, ನಿಂತಿದ್ದ ಕೊಳೆಯುವಿಕೆ ಆರಂಭವಾಗುತ್ತದೆ. ಪೀಟ್‌ನ ಇಂಗಾಲ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಇದು ಒಮ್ಮೆ ನಡೆದು ಮುಗಿಯುವ ಘಟನೆಯಲ್ಲ. ನೆಲ ಒಣಗಿರುವಷ್ಟು ಕಾಲವೂ, ಪೀಟ್ ಪೂರ್ತಿ ಮುಗಿಯುವವರೆಗೂ ನಡೆಯುತ್ತಲೇ ಇರುತ್ತದೆ. ಆಳವಾಗಿ ಬಸಿದ ಕೃಷಿ ಪೀಟ್‌ನಿಂದ ಹೆಕ್ಟೇರಿಗೆ ವರ್ಷಕ್ಕೆ 30 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಡಬಹುದು. ಜರ್ಮನಿಯಲ್ಲಿ ಪೀಟ್ ನೆಲದ ಶೇ 90ಕ್ಕಿಂತ ಹೆಚ್ಚು ಭಾಗ ಬಸಿದುಹೋಗಿದ್ದು, ಅದರಿಂದ ಹೊರಡುವ ಅನಿಲಗಳು ಆ ದೇಶದ ಒಟ್ಟು ಹಸಿರುಮನೆ ಅನಿಲಗಳ ಸುಮಾರು ಶೇ 7ರಷ್ಟಿವೆ. ಫಿನ್ಲೆಂಡಿನ ಕೃಷಿಭೂಮಿಯಲ್ಲಿ ಪೀಟ್ ಹೊಲಗಳು ಸುಮಾರು ಹತ್ತನೆಯ ಒಂದು ಪಾಲು ಮಾತ್ರ; ಆದರೆ ಕೃಷಿಯಿಂದ ಹೊರಡುವ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. ಜಗತ್ತಿನಾದ್ಯಂತ ಪೀಟ್ ನೆಲದ ಶೇ 12ರಷ್ಟು ಹಾಳಾಗಿದ್ದು, ಮನುಷ್ಯರಿಂದಾಗುವ ಒಟ್ಟು ಹೊರಸೂಸುವಿಕೆಯ ಸುಮಾರು ಶೇ 4 ಇದರಿಂದಲೇ ಆಗುತ್ತಿದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಪ್ರಕಟಿಸಿದ ಅಂದಾಜು.

ಇಂಗಾಲ ಹೊರಟಂತೆ ನೆಲವೂ ಕುಸಿಯುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ತುದಿ ನೆಲಮಟ್ಟಕ್ಕೆ ಬರುವಂತೆ ಹೂತ ಕಬ್ಬಿಣದ ಕಂಬ ಇಂದು ಸುಮಾರು ನಾಲ್ಕು ಮೀಟರ್ ಮೇಲಕ್ಕೆ ನಿಂತಿದೆ. ಕಂಬ ಮೇಲೇರಲಿಲ್ಲ, ಸುತ್ತಲಿನ ಪೀಟ್ ಇಳಿದುಹೋಯಿತು. ಮಿಲಿಮೀಟರ್ ಲೆಕ್ಕದಲ್ಲಿ ಬೆಳೆದದ್ದು ಸೆಂಟಿಮೀಟರ್ ಲೆಕ್ಕದಲ್ಲಿ ಕರಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷಿ ಸಿಗುವುದು ಕಷ್ಟ. ಒಣಗಿದ ಪೀಟ್‌ಗೆ ಬೆಂಕಿಯ ಭಯವೂ ಇದೆ. 2010ರ ಬೇಸಿಗೆಯಲ್ಲಿ ಮಾಸ್ಕೋ ನಗರವನ್ನು ವಾರಗಟ್ಟಲೆ ಮುಚ್ಚಿದ ಹೊಗೆಯಲ್ಲಿ ದೊಡ್ಡ ಪಾಲು, ಹಿಂದೆ ಬಸಿದು ಬಿಟ್ಟ ಪೀಟ್ ನೆಲಗಳದ್ದಾಗಿತ್ತು. ಮಣ್ಣಿನೊಳಗೇ ಹಬ್ಬುವ ಆ ಬೆಂಕಿಯನ್ನು ಮೇಲಿನಿಂದ ನೀರೆರಚಿ ಆರಿಸುವುದು ಬಹಳ ಕಷ್ಟ.

ಮೀಥೇನ್ ಪ್ರಶ್ನೆ

ಕಾಲುವೆಗಳನ್ನು ಮುಚ್ಚಿ ನೀರನ್ನು ಮತ್ತೆ ನೆಲಮಟ್ಟಕ್ಕೆ ತಂದರೆ ಡೈಆಕ್ಸೈಡ್ ಹೊರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಗಾಳಿಯಿಲ್ಲದ ಕಡೆ ಬದುಕುವ ಬೇರೆ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸತೊಡಗುತ್ತವೆ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಒಂದು ಟನ್ ಮೀಥೇನ್ ಸುಮಾರು 28 ಟನ್ ಡೈಆಕ್ಸೈಡ್‌ನಷ್ಟು ಬಿಸಿಯೇರಿಸುತ್ತದೆ. ಹಾಗಿದ್ದ ಮೇಲೆ ಒಂದು ಅನಿಲವನ್ನು ತಡೆಯಲು ಹೋಗಿ ಇನ್ನೊಂದನ್ನು ಬಿಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ.

ಉತ್ತರವಿರುವುದು ಎರಡೂ ಅನಿಲಗಳ ಆಯುಷ್ಯದಲ್ಲಿ. ಮೀಥೇನ್ ಗಾಳಿಯಲ್ಲಿ ಸುಮಾರು ಹನ್ನೆರಡು ವರ್ಷ ಇದ್ದು ಒಡೆದುಹೋಗುತ್ತದೆ. ಒಂದು ಜೌಗಿನಿಂದ ಪ್ರತಿವರ್ಷ ಒಂದೇ ಪ್ರಮಾಣದ ಮೀಥೇನ್ ಬರುತ್ತಿದ್ದರೆ, ಕೆಲವು ದಶಕಗಳಲ್ಲಿ ಹೊಸದಾಗಿ ಸೇರುವುದೂ ಹಳೆಯದು ಒಡೆಯುವುದೂ ಸಮವಾಗಿ, ಅದರಿಂದಾಗುವ ಬಿಸಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಡೈಆಕ್ಸೈಡ್ ಹಾಗಲ್ಲ. ಅದರ ದೊಡ್ಡ ಪಾಲು ಶತಮಾನಗಳವರೆಗೆ ಉಳಿಯುವುದರಿಂದ, ಒಣಗಿದ ಜೌಗಿನಿಂದ ಈ ವರ್ಷ ಹೊರಟದ್ದು ಕಳೆದ ವರ್ಷ ಹೊರಟದ್ದರ ಮೇಲೆ ಪೇರುತ್ತ ಹೋಗುತ್ತದೆ. ಈ ಎರಡನ್ನೂ ಕಾಲಕ್ರಮದಲ್ಲಿ ಹೋಲಿಸಿ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ಸಂಶೋಧಕರನ್ನು ಒಳಗೊಂಡ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಮೀಥೇನ್ ಬಂದರೂ ಬೇಗ ನೀರು ನಿಲ್ಲಿಸುವುದೇ ಮೇಲು, ತಡಮಾಡಿದಷ್ಟೂ ನಷ್ಟ ಹೆಚ್ಚು ಎಂಬ ನಿರ್ಣಯಕ್ಕೆ ಬಂತು. ಬ್ರಿಟನ್ ಮೊದಲಾದೆಡೆಯ ಅಳತೆಗಳನ್ನು ಆಧರಿಸಿ 2021ರಲ್ಲಿ ಬಂದ ಮತ್ತೊಂದು ಅಧ್ಯಯನ ಇನ್ನೂ ಉಪಯುಕ್ತವಾದ ಮಾತು ಹೇಳಿತು. ನೀರಿನ ಮಟ್ಟವನ್ನು ಪ್ರತಿ 10 ಸೆಂಟಿಮೀಟರ್ ಮೇಲೆ ತಂದರೆ, ಮೀಥೇನ್ ಲೆಕ್ಕವನ್ನೂ ಸೇರಿಸಿಕೊಂಡೇ, ಹೆಕ್ಟೇರಿಗೆ ವರ್ಷಕ್ಕೆ ಕನಿಷ್ಠ 3 ಟನ್ ಡೈಆಕ್ಸೈಡ್‌ಗೆ ಸಮನಾದ ಉಳಿತಾಯವಾಗುತ್ತದೆ. ಮಟ್ಟ ನೆಲದಿಂದ 30 ಸೆಂಟಿಮೀಟರ್ ಸಮೀಪಕ್ಕೆ ಬರುವವರೆಗೆ ಈ ಸಂಬಂಧ ಖಚಿತ. ಅಂದರೆ ಪೂರ್ತಿ ಜೌಗು ಮಾಡಲು ಒಪ್ಪದ ರೈತನೂ ನೀರನ್ನು ಒಂದಿಷ್ಟು ಮೇಲೆ ತಂದರೆ ಅದಕ್ಕೂ ಬೆಲೆಯುಂಟು.

ಮೀಥೇನ್ ಎಷ್ಟು ಬರುತ್ತದೆ ಎಂಬುದು ಕೆಲಸ ಮಾಡುವ ರೀತಿಯನ್ನೂ ಅವಲಂಬಿಸಿದೆ. ಗೊಬ್ಬರ ಉಂಡ ಹುಲ್ಲುಗಾವಲನ್ನು ಹಾಗೆಯೇ ಮುಳುಗಿಸಿ ಕೆರೆ ಮಾಡಿಬಿಟ್ಟರೆ, ನೀರಿನಡಿ ಕೊಳೆಯುವ ಹಸಿ ಹುಲ್ಲಿನಿಂದ ಮೊದಲ ವರ್ಷಗಳಲ್ಲಿ ಮೀಥೇನ್ ಬಹಳ ಹೊರಡುತ್ತದೆ. ಹುಲ್ಲನ್ನು ಮೊದಲೇ ಕೊಯ್ದು ಹೊರಗೆ ಸಾಗಿಸಿ, ನೀರನ್ನು ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಅದು ಬಹಳಷ್ಟು ತಗ್ಗುತ್ತದೆ. ಹೀಗಾಗಿ ಮೀಥೇನ್ ಈ ಕೆಲಸವನ್ನು ಕೈಬಿಡಲು ಕಾರಣವಾಗದು. ಎಚ್ಚರದಿಂದ ಮಾಡಲು ಕಾರಣವಾಗುತ್ತದೆ.

ಫಿನ್ಲೆಂಡಿನ ಕಾಡುಗಳ ತೊಡಕು

ಕೃಷಿಯ ಪೀಟ್ ವಿಷಯದಲ್ಲಿ ವಿಜ್ಞಾನ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತದೆ. ಕಾಡಿನ ವಿಷಯದಲ್ಲಿ ಹಾಗಿಲ್ಲ, ಮತ್ತು ಫಿನ್ಲೆಂಡ್ ಈ ಚರ್ಚೆಯ ಕೇಂದ್ರವಾಗಿರುವುದು ಇದೇ ಕಾರಣಕ್ಕೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಆ ದೇಶ ಮರ ಮತ್ತು ಕಾಗದದ ಉದ್ಯಮಕ್ಕಾಗಿ ಸುಮಾರು 50 ಲಕ್ಷ ಹೆಕ್ಟೇರ್ ಜೌಗನ್ನು ಬಸಿದು ಕಾಡು ಬೆಳೆಸಿತು. ಸರ್ಕಾರದ ನೆರವು ಸಿಕ್ಕಿತು, ಸಣ್ಣ ಹಿಡುವಳಿದಾರರಿಗೂ ಆದಾಯ ಬಂತು. ಅಂದಿನ ಬಡ ದೇಶದ ದೃಷ್ಟಿಯಿಂದ ಅದು ಅವಿವೇಕವಾಗಿರಲಿಲ್ಲ. ಇಂದು ಅದೇ ದೇಶ 2035ಕ್ಕೆ ಇಂಗಾಲ ಸಮತೋಲನ, ಅಂದರೆ ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವ ಸ್ಥಿತಿ, ಸಾಧಿಸುವುದಾಗಿ ಕಾನೂನಿನಲ್ಲೇ ಬರೆದುಕೊಂಡಿದೆ. ಕಾಡುಗಳು ಇಂಗಾಲ ಹೀರುತ್ತವೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಆದರೆ ಮರಗಳ ಬೆಳವಣಿಗೆ ನಿಧಾನವಾಗಿ, ಕಡಿತ ಹೆಚ್ಚಾಗಿ, ಕೆಳಗಿನ ಪೀಟ್ ಕರಗುತ್ತಲೇ ಇದ್ದುದರಿಂದ, ಕಾಡು-ಹೊಲಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿಯುವ ಭೂಬಳಕೆ ವಲಯವೇ ಹೀರುವುದಕ್ಕಿಂತ ಹೆಚ್ಚು ಹೊರಬಿಡುವ ಸ್ಥಿತಿಗೆ ಬಂದಿದೆ.

ಹಾಗಾದರೆ ಆ ಕಾಡುಗಳಲ್ಲೆಲ್ಲ ನೀರು ನಿಲ್ಲಿಸಬೇಕೇ? ಫಿನ್ನಿಷ್ ಸಂಶೋಧಕರೇ 2020ರಲ್ಲಿ ಇದಕ್ಕೆ ಎಚ್ಚರಿಕೆಯ ಉತ್ತರ ಕೊಟ್ಟರು. ಪೋಷಕಾಂಶ ಕಡಿಮೆಯಿರುವ ಪೈನ್ ನೆಲದಲ್ಲಿ ಪೀಟ್ ಕರಗುವ ವೇಗ ಕಡಿಮೆ, ಉದುರುವ ಎಲೆ-ಬೇರುಗಳಿಂದ ಒಂದಿಷ್ಟು ಇಂಗಾಲ ಮರಳಿಯೂ ಸೇರುತ್ತದೆ. ಅಲ್ಲಿ ನೀರು ನಿಲ್ಲಿಸಿದರೆ ಉಳಿತಾಯ ಚಿಕ್ಕದು, ಮೀಥೇನ್ ಮಾತ್ರ ಕೂಡಲೇ ಬರುತ್ತದೆ. ಹವಾಮಾನದ ಲಾಭ ಕಾಣಲು ಬಹುಕಾಲ ಕಾಯಬೇಕು. ಪೋಷಕಾಂಶ ಹೇರಳವಾದ ಸ್ಪ್ರೂಸ್ ಕಾಡಿನ ನೆಲದಲ್ಲಿ ಪೀಟ್ ವೇಗವಾಗಿ ಕರಗುತ್ತದೆ, ಆದರೆ ಮರದ ಬೆಲೆ ಹೆಚ್ಚಿರುವುದೂ ಅಲ್ಲೇ. ಇದರ ನಡುವೆ ಒಂದು ಮಧ್ಯಮ ದಾರಿ ಬೆಳೆಯುತ್ತಿದೆ: ಒಮ್ಮೆಲೇ ಇಡೀ ಕಾಡನ್ನು ಬೋಳಿಸದೆ, ಆಯ್ದ ಮರಗಳನ್ನು ಮಾತ್ರ ಕಡಿಯುವುದು. ನಿಂತ ಮರಗಳು ತಾವೇ ನೀರು ಹೀರಿ ಆವಿಯಾಗಿಸುವುದರಿಂದ ಬಸಿಗಾಲುವೆಗಳ ಹೂಳೆತ್ತುವ ಅಗತ್ಯ ತಗ್ಗುತ್ತದೆ, ನೀರಿನ ಮಟ್ಟ ಒಂದು ಹದದಲ್ಲಿ ನಿಲ್ಲುತ್ತದೆ. ಇದು ಜೌಗನ್ನು ಮರಳಿ ತರುವುದಿಲ್ಲ, ಆದರೆ ನಷ್ಟವನ್ನು ತಗ್ಗಿಸುತ್ತದೆ. ಬಸಿದರೂ ಮರ ಸರಿಯಾಗಿ ಬೆಳೆಯದೇ ಹೋದ ನೆಲವೂ ಫಿನ್ಲೆಂಡಿನಲ್ಲಿ ಸಾಕಷ್ಟಿದೆ. ಮರದ ಆದಾಯ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲದ ಅಂಥ ಕಡೆ, ಕಾಡುಪ್ರಾಣಿ ಮತ್ತು ನೀರಿನ ದೃಷ್ಟಿಯಿಂದ ಕೆಲಸ ಮೊದಲು ಆರಂಭವಾಗುವುದು ನ್ಯಾಯ.

ಇಂಗಾಲವೊಂದೇ ಅಲ್ಲ

ಸ್ಕಾಟ್ಲೆಂಡಿನ ಉತ್ತರ ತುದಿಯ ಫ್ಲೋ ಕಂಟ್ರಿ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 40 ಕೋಟಿ ಟನ್ ಇಂಗಾಲವನ್ನು ಹಿಡಿದಿಟ್ಟ ಈ ಹಾಸುಜೌಗಿನಲ್ಲಿ 1980ರ ದಶಕದಲ್ಲಿ, ತೆರಿಗೆ ವಿನಾಯಿತಿಯ ಆಸೆಗೆ ದೂರದ ನಗರಗಳ ಶ್ರೀಮಂತರು ಹಣ ಹೂಡಿ ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ನೆಡಿಸಿದರು. 1988ರ ಬಜೆಟ್ ಆ ವಿನಾಯಿತಿಯನ್ನು ಕಿತ್ತುಹಾಕಿದ ಮೇಲಷ್ಟೇ ಅದು ನಿಂತಿತು. ಹಾನಿ ಮರ ನೆಟ್ಟ ಜಾಗಕ್ಕೆ ಸೀಮಿತವಾಗಲಿಲ್ಲ. ಬಯಲಿನಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ಡನ್ಲಿನ್, ಗೋಲ್ಡನ್ ಪ್ಲೋವರ್‌ನಂಥ ಹಕ್ಕಿಗಳು ತೋಪಿನ ಅಂಚಿನಿಂದ ನೂರಾರು ಮೀಟರ್ ದೂರದವರೆಗೂ ಗೂಡು ಕಟ್ಟುವುದನ್ನು ಬಿಟ್ಟವು. ಮೊಟ್ಟೆ-ಮರಿಗಳನ್ನು ತಿನ್ನುವ ನರಿ, ಕಾಗೆಗಳಿಗೆ ತೋಪು ಆಸರೆಯಾಗಿತ್ತು. 1990ರ ದಶಕದಿಂದ ಹಕ್ಕಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ ಫೋರ್ಸಿನಾರ್ಡ್‌ನಲ್ಲಿ ಜಮೀನು ಕೊಂಡು, ಆ ಮರಗಳನ್ನು ಕಡಿದು, ಉಳುಮೆಯ ಸಾಲುಗಳನ್ನೂ ಕಾಲುವೆಗಳನ್ನೂ ಮುಚ್ಚುತ್ತ ಬಂದಿದೆ. ಹವಾಮಾನದ ಹೆಸರಿನಲ್ಲಿ ಎಲ್ಲೆಂದರಲ್ಲಿ ಮರ ನೆಡುವ ಉತ್ಸಾಹವಿರುವವರು ಈ ಒಂದು ಸೀಮೆಯ ಕಥೆಯನ್ನು ಗಮನಿಸಬೇಕು.

ನೀರು ಮರಳಿದೊಡನೆ ಹಳೆಯ ಜೌಗು ಮರಳುತ್ತದೆ ಎಂದೂ ಭಾವಿಸುವಂತಿಲ್ಲ. ಯುರೋಪಿನ ನೂರಾರು ತಾಣಗಳನ್ನು ಹೋಲಿಸಿ ನೋಡಿದಾಗ, ಬಹುಕಾಲ ಬಸಿದಿದ್ದ ತಗ್ಗುಜೌಗುಗಳಲ್ಲಿ ನೀರು ನಿಲ್ಲಿಸಿ ದಶಕಗಳಾದರೂ ಎತ್ತರದ ಜೊಂಡು-ಹುಲ್ಲುಗಳೇ ತುಂಬಿಕೊಂಡು, ಹಿಂದಿನ ಹಾವಸೆ ಮತ್ತು ಸಣ್ಣ ಗಿಡಗಳು ಅಪರೂಪವಾಗಿಯೇ ಉಳಿದಿರುವುದು ಕಂಡುಬಂತು. ಒಣಗಿದ ಪೀಟ್ ಕುಗ್ಗಿ ಗಟ್ಟಿಯಾಗಿರುತ್ತದೆ, ಮೊದಲಿನಂತೆ ನೀರನ್ನು ಹಿಡಿದುಕೊಳ್ಳುವುದಿಲ್ಲ, ಗೊಬ್ಬರದ ಅಂಶವೂ ಉಳಿದಿರುತ್ತದೆ. ಇಂಗಾಲದ ನಷ್ಟ ಕೆಲವೇ ವರ್ಷಗಳಲ್ಲಿ ನಿಲ್ಲಬಹುದು. ಜೀವವೈವಿಧ್ಯ ಹಿಂತಿರುಗಲು ತಲೆಮಾರುಗಳೇ ಬೇಕಾಗಬಹುದು. ಕೆನಡಾದ ಹಡ್ಸನ್ ಕೊಲ್ಲಿಯ ತಗ್ಗುಪ್ರದೇಶದಂತೆ ಇನ್ನೂ ಕೆಡದೆ ಉಳಿದ ಜೌಗುಗಳನ್ನು ಮುಟ್ಟದಿರುವುದು ಎಲ್ಲ ಪುನಶ್ಚೇತನಕ್ಕಿಂತ ಅಗ್ಗವೂ ಉತ್ತಮವೂ ಆಗಿರುವುದು ಇದರಿಂದಲೇ.

ಕಾನೂನು ಕೇಳುವುದು ಎಷ್ಟು

ಈ ಕರಡು ಯೋಜನೆಗಳನ್ನು ಕೇಳುವ ಒಕ್ಕೂಟದ ನಿಸರ್ಗ ಪುನಶ್ಚೇತನ ಕಾನೂನು 2024ರ ಜೂನ್ 17ರಂದು ಸದಸ್ಯ ರಾಷ್ಟ್ರಗಳ ಮಂತ್ರಿಮಂಡಲಿಯಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಆಸ್ಟ್ರಿಯಾದ ಪರಿಸರ ಸಚಿವೆ ಲಿಯೊನೋರ್ ಗೆವೆಸ್ಲರ್ ತಮ್ಮ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಅವರ ಪಕ್ಷದ ವಿರೋಧವನ್ನು ಲೆಕ್ಕಿಸದೆ ಪರವಾಗಿ ಮತ ಹಾಕಿದ್ದು ನಿರ್ಣಾಯಕವಾಯಿತು. ಫಿನ್ಲೆಂಡ್, ಸ್ವೀಡನ್, ನೆದರ್ಲೆಂಡ್ಸ್, ಪೋಲೆಂಡ್ ವಿರುದ್ಧವಿದ್ದವು. ಕೃಷಿಯಲ್ಲಿರುವ ಬಸಿದ ಪೀಟ್ ನೆಲದ ಶೇ 30ರಷ್ಟರಲ್ಲಿ 2030ರೊಳಗೆ, ಶೇ 40ರಷ್ಟರಲ್ಲಿ 2040ರೊಳಗೆ, ಶೇ 50ರಷ್ಟರಲ್ಲಿ 2050ರೊಳಗೆ ಪುನಶ್ಚೇತನ ಕ್ರಮಗಳು ಜಾರಿಯಾಗಬೇಕು ಎಂಬುದು ಸುದ್ದಿಯಲ್ಲಿ ಬಂದ ಅಂಕಿ. ಆದರೆ ಪುನಶ್ಚೇತನವೆಂದರೆ ಎಲ್ಲ ಕಡೆಯೂ ನೀರು ನಿಲ್ಲಿಸುವುದು ಎಂದು ಕಾನೂನು ಹೇಳುವುದಿಲ್ಲ. 2030ರ ಗುರಿಯಲ್ಲಿ ಕಾಲು ಭಾಗಕ್ಕೆ, ಮುಂದಿನ ಎರಡರಲ್ಲಿ ಮೂರನೆಯ ಒಂದು ಭಾಗಕ್ಕೆ ಮಾತ್ರ ಅದು ಕಡ್ಡಾಯ. ಗುಣಿಸಿ ನೋಡಿದರೆ 2030ಕ್ಕೆ ನೀರು ನಿಲ್ಲಬೇಕಾದದ್ದು ಶೇ 7.5ರಷ್ಟು ನೆಲದಲ್ಲಿ, 2050ಕ್ಕೂ ಶೇ 17ರ ಒಳಗೇ. ಪೀಟ್ ತೆಗೆಯುವ ಜಾಗಗಳಲ್ಲಿ ಮಾಡಿದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಖಾಸಗಿ ಭೂಮಾಲೀಕರ ಮೇಲೆ ಯಾವ ಒತ್ತಾಯವೂ ಇಲ್ಲ, ಅವರ ಒಪ್ಪಿಗೆಯಿಂದಲೇ ಆಗಬೇಕು. ರೈತರ ನೆಲ ಕಸಿಯುವ ಕಾನೂನು ಎಂಬ ಪ್ರಚಾರಕ್ಕೂ, ಯುರೋಪಿನ ಜೌಗುಗಳನ್ನು ಉಳಿಸಿದ ಕಾನೂನು ಎಂಬ ಹೊಗಳಿಕೆಗೂ ಪಠ್ಯದಲ್ಲಿ ಆಧಾರ ಕಡಿಮೆ.

ಖರ್ಚು ಯಾರದ್ದು, ಆದಾಯ ಯಾವುದು

ಎಲ್ಲವೂ ಒಪ್ಪಿಗೆಯ ಮೇಲೆ ನಿಂತಿರುವಾಗ ಹಣದ ಪ್ರಶ್ನೆ ಮುಖ್ಯವಾಗುತ್ತದೆ. ಇಲ್ಲಿ ಒಂದು ತಾಂತ್ರಿಕ ತೊಡಕೂ ಇದೆ: ನೀರಿಗೆ ಜಮೀನಿನ ಗಡಿ ಗೊತ್ತಿಲ್ಲ. ಒಬ್ಬ ರೈತ ತನ್ನ ಕಾಲುವೆ ಮುಚ್ಚಿದರೆ ಪಕ್ಕದವನ ಹೊಲವೂ ನೆನೆಯುತ್ತದೆ, ಪಕ್ಕದವನು ಪಂಪು ಹಚ್ಚಿದರೆ ಇವನ ಜೌಗು ಒಣಗುತ್ತದೆ. ಆದ್ದರಿಂದ ಇಡೀ ತಗ್ಗಿನ ಹಿಡುವಳಿದಾರರು ಒಟ್ಟಾಗಿ ಒಪ್ಪಬೇಕು, ಅದಕ್ಕೆ ವರ್ಷಗಟ್ಟಲೆ ಮಾತುಕತೆ ಬೇಕು.

ಐರ್ಲೆಂಡಿನಲ್ಲಿ ಕೆಲಸ ಬೇಗ ಸಾಗಿದ್ದಕ್ಕೆ ಕಾರಣ, ಅಲ್ಲಿ ದೊಡ್ಡ ಭೂಮಾಲೀಕ ಸರ್ಕಾರಿ ಕಂಪನಿಯೇ ಆಗಿದ್ದುದು. ದಶಕಗಳ ಕಾಲ ವಿದ್ಯುತ್ತಿಗಾಗಿ ಪೀಟ್ ಅಗೆದ ಬೋರ್ಡ್ ನಾ ಮೋನಾ 2021ರ ಜನವರಿಯಲ್ಲಿ ಆ ಕೆಲಸ ನಿಲ್ಲಿಸುವುದನ್ನು ಅಧಿಕೃತವಾಗಿ ಘೋಷಿಸಿ, ಸರ್ಕಾರದ ಹಣದಿಂದ ಸುಮಾರು 33,000 ಹೆಕ್ಟೇರಿನಲ್ಲಿ ಪುನಶ್ಚೇತನಕ್ಕೆ ಇಳಿಯಿತು. ಅದೇ ದೇಶದಲ್ಲಿ ಮನೆಯ ಒಲೆಗೆ ಪೀಟ್ ಕಡಿದು ಒಣಗಿಸುವ ಹಳ್ಳಿಗಾಡಿನ ರೂಢಿಗೆ 2022ರಲ್ಲಿ ಮಾರಾಟದ ನಿರ್ಬಂಧ ತಂದಾಗ ಮಾತ್ರ ದೊಡ್ಡ ರಾಜಕೀಯ ಗದ್ದಲವೇ ಎದ್ದಿತು. ಡೆನ್ಮಾರ್ಕ್ 2024ರಲ್ಲಿ ರೈತಸಂಘ, ಪರಿಸರ ಸಂಘಟನೆ ಮೊದಲಾದವರೊಂದಿಗೆ ಮಾಡಿಕೊಂಡ ಒಪ್ಪಂದ ಇವೆಲ್ಲಕ್ಕಿಂತ ಸ್ಪಷ್ಟವಾಗಿದೆ: 1,40,000 ಹೆಕ್ಟೇರ್ ಇಂಗಾಲಭರಿತ ತಗ್ಗುಭೂಮಿಯನ್ನು ಕೃಷಿಯಿಂದ ಹೊರತರುವ ಗುರಿ, ಬಿಟ್ಟುಕೊಡುವವರಿಗೆ ಸರ್ಕಾರದ ಹಣ, ಬಿಡದವರಿಗೆ 2028ರಿಂದ ಹೊರಸೂಸುವಿಕೆಯ ಮೇಲೆ ಸಣ್ಣ ತೆರಿಗೆ. ಕೊಡುಗೆಯೂ ತೆರಿಗೆಯೂ ಜೊತೆಯಾಗಿರುವ ಈ ಮಾದರಿ, ಬರಿಯ ಮನವೊಲಿಕೆಗಿಂತ ಫಲ ಕೊಡುವ ಸಾಧ್ಯತೆ ಹೆಚ್ಚು.

ಒದ್ದೆ ನೆಲದಿಂದಲೇ ಆದಾಯ ತೆಗೆಯುವ ಪ್ರಯತ್ನವೂ ನಡೆದಿದೆ. ಚಾವಣಿಗೆ ಜೊಂಡು, ಕಟ್ಟಡದ ಶಾಖನಿರೋಧಕ ಹಲಗೆಗೆ ಆಪುಹುಲ್ಲು, ನರ್ಸರಿಗಳಿಗೆ ಸ್ಫ್ಯಾಗ್ನಮ್ ಬೆಳೆಯಬಹುದು. 2023ರಿಂದ ಇಂಥ ಬೆಳೆಗೂ ಒಕ್ಕೂಟದ ಕೃಷಿ ಸಹಾಯಧನ ಸಿಗುವಂತಾಗಿದೆ. ಆದರೆ ಬಸಿದ ಪೀಟ್ ಮೇಲೆ ಮಾಡುವ ಕೃಷಿಗೂ ಅದೇ ಸಹಾಯಧನ ಸಿಗುತ್ತಲೇ ಇದೆ. ಒಂದು ಕೈ ಕಾಲುವೆ ಮುಚ್ಚಲು ಕೊಡುವಾಗ ಇನ್ನೊಂದು ಕೈ ಅದನ್ನು ತೆರೆದಿಡಲು ಕೊಟ್ಟರೆ, ರೈತ ಇದ್ದಲ್ಲೇ ಇರುವುದು ಅವನ ತಪ್ಪಲ್ಲ.

ತೆಂಗಿನ ನಾರಿನ ನಂಟು

ಈ ವಿಷಯ ಕರ್ನಾಟಕವನ್ನು ತಲುಪುವ ದಾರಿಯೊಂದಿದೆ. ಯುರೋಪಿನ ನರ್ಸರಿಗಳೂ ಗಾಜಿನಮನೆಗಳೂ ಗಿಡ ಬೆಳೆಸಲು ಬಳಸುವುದು ಬಹುಪಾಲು ಬಾಲ್ಟಿಕ್ ದೇಶಗಳಂಥ ಕಡೆಯಿಂದ ಅಗೆದು ತಂದ ಪೀಟ್. ಅದನ್ನು ಕಡಿಮೆ ಮಾಡಿದಷ್ಟೂ ಬದಲಿ ಬೇಕು, ಮುಖ್ಯ ಬದಲಿಗಳಲ್ಲಿ ಒಂದು ಭಾರತ ಮತ್ತು ಶ್ರೀಲಂಕಾದ ಕೊಕೊಪೀಟ್. ಒಂದು ಕಾಲಕ್ಕೆ ನಾರು ಘಟಕಗಳ ಹಿತ್ತಿಲಲ್ಲಿ ಕಸವಾಗಿ ರಾಶಿ ಬೀಳುತ್ತಿದ್ದ ಈ ಪುಡಿ ಇಂದು ಭಾರತದ ನಾರು ರಫ್ತಿನಲ್ಲಿ ಅತಿ ದೊಡ್ಡ ಪಾಲು ಹೊಂದಿದೆ. ಪೊಳ್ಳಾಚಿಯಷ್ಟಲ್ಲದಿದ್ದರೂ ತುಮಕೂರು, ಹಾಸನದ ಘಟಕಗಳಿಗೂ ಈ ಬೇಡಿಕೆಯ ಲಾಭ ಸಿಗಬಹುದು. ಆದರೆ ರಫ್ತಿಗೆ ತಕ್ಕಂತೆ ಅದರ ಉಪ್ಪಿನಂಶ ತೆಗೆಯಲು ಹೇರಳ ನೀರಿನಲ್ಲಿ ತೊಳೆಯಬೇಕು. ತೊಳೆದ ಕಂದು ನೀರನ್ನು ಶುದ್ಧೀಕರಿಸದೆ ಬಿಟ್ಟರೆ ಸುತ್ತಲಿನ ಬಾವಿಗಳು ಕೆಡುತ್ತವೆ. ಉತ್ತರದ ಜೌಗನ್ನು ಉಳಿಸುವ ಭಾರ ಬಯಲುಸೀಮೆಯ ಅಂತರ್ಜಲದ ಮೇಲೆ ಬೀಳದಂತೆ ನೋಡಿಕೊಳ್ಳುವ ಹೊಣೆ ಕೊಳ್ಳುವವರಿಗೂ ಇದೆ, ಇಲ್ಲಿನ ಮಾಲಿನ್ಯ ನಿಯಂತ್ರಕರಿಗೂ ಇದೆ.

ಗಡಿಯ ಜೌಗುಗಳು ಮತ್ತು ಮುಂದಿನ ಲೆಕ್ಕ

2022ರ ಫೆಬ್ರವರಿಯಲ್ಲಿ ಉಕ್ರೇನ್ ಅಣೆಕಟ್ಟಿನ ನೀರು ಬಿಟ್ಟು, ಸೋವಿಯತ್ ಕಾಲದಲ್ಲಿ ಬಸಿದಿದ್ದ ಇರ್ಪಿನ್ ನದಿಯ ಬಯಲನ್ನು ಮುಳುಗಿಸಿ ಕೀವ್ ಕಡೆಗೆ ಬರುತ್ತಿದ್ದ ರಷ್ಯದ ಸೇನೆಯನ್ನು ತಡೆಯಿತು. ಅದರ ನಂತರ ಪೋಲೆಂಡ್ ತನ್ನ ಪೂರ್ವ ಗಡಿಯ ರಕ್ಷಣಾ ಯೋಜನೆಯಲ್ಲಿ ಜೌಗುಗಳಿಗೂ ಸ್ಥಾನ ಕೊಟ್ಟಿತು. ರಕ್ಷಣೆಯ ಹೆಸರಿನಲ್ಲಿ ಹಣ ಬಂದರೆ ಒಳ್ಳೆಯದೇ. ಆದರೆ ಟ್ಯಾಂಕ್ ಬರಬಹುದಾದ ದಾರಿ ಮತ್ತು ಇಂಗಾಲ ಹೆಚ್ಚು ಸೋರುವ ನೆಲ ಒಂದೇ ಆಗಿರಬೇಕೆಂದಿಲ್ಲ, ತುರ್ತಿನಲ್ಲಿ ಮುಳುಗಿಸುವುದಕ್ಕೂ ವರ್ಷವಿಡೀ ಹದವಾಗಿ ನೀರು ಹಿಡಿದಿಡುವುದಕ್ಕೂ ಬಹಳ ಅಂತರವಿದೆ.

ಕರಡು ಯೋಜನೆಗಳು ಹೊರಬಂದಾಗ ಪುನಶ್ಚೇತನಗೊಳ್ಳುವ ಒಟ್ಟು ಹೆಕ್ಟೇರುಗಳ ದೊಡ್ಡ ಅಂಕಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರೊಳಗೆ ನೀರಿನ ಮಟ್ಟ ನಿಜವಾಗಿ ಏರುವ ನೆಲ ಎಷ್ಟು, ಎಷ್ಟು ಸೆಂಟಿಮೀಟರ್ ಏರುತ್ತದೆ, ಅದನ್ನು ಪ್ರತಿವರ್ಷ ಅಳೆಯುವವರು ಯಾರು ಎಂಬುದನ್ನು ಹುಡುಕಿ ಓದಬೇಕು. ಆ ಮೂರು ವಿವರಗಳಿಲ್ಲದ ಯೋಜನೆಯಲ್ಲಿ ಕಾಲುವೆಗಳು ತೆರೆದೇ ಇರುತ್ತವೆ, ಪೀಟ್ ಈಗಿನ ವೇಗದಲ್ಲೇ ಕರಗುತ್ತಿರುತ್ತದೆ.